ತಿರುಪಿನ ಸೇಮಗೆ ಮುಟ್ಟು ತಗೊಳ್ಳಬಹುದಾ? ಒಂದು ಬಿಸು, ಒಂದು ಓಣಂ, ಒಂದು ದೀಪಾವಳಿ ಕಳೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ನಾಲ್ಕೈದು ಜನ ಇರುವವರು ತಿರುಪು (ಸ್ಕ್ರೂ) ತಿರುಗಿಸಿ ಶ್ಯಾವಿಗೆ ಒತ್ತುವ ಈ ಮುಟ್ಟನ್ನು ಧೈರ್ಯವಾಗಿ ತಗೊಳ್ಳಬಹುದು. ಹಬ್ಬಕ್ಕೆ ಇಪ್ಪತ್ತು ಜನ ಸೇರುವ ಮನೆಯಾದರೆ, ಹೊಸದು ಬಂದ ಖುಷಿಯಲ್ಲಿ ಹಳೆಯ ಮರದ ಮುಟ್ಟನ್ನು ಒಲೆಗೆ ಹಾಕಬೇಡಿ. ಇಷ್ಟು ಗೊತ್ತಾದರೆ ಸಾಕು ಅನ್ನುವವರು ಇಲ್ಲಿಗೇ ಬಿಡಬಹುದು. ಉಳಿದದ್ದೆಲ್ಲ ನನ್ನ ಭುಜದ ಕಥೆ, ದೊಡ್ಡಮ್ಮನ ಬೈಗುಳ ಮತ್ತು 2,400 ರೂಪಾಯಿಯ ಲೆಕ್ಕ.

ಸೇಮಗೆ ಅಂದರೆ ಬೆಂಗಳೂರಿನವರು ಒತ್ತು ಶ್ಯಾವಿಗೆ ಅನ್ನುತ್ತಾರಲ್ಲ, ಅದೇ. ತುಳುವಿನಲ್ಲಿ ಸೇಮೆದಡ್ಯೆ. ಕಾಸರಗೋಡಿನ ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯ ನಮ್ಮ ಮನೆಗಳಲ್ಲಿ ಸೇಮಗೆ. ಅದನ್ನು ಒತ್ತುವ ಸಾಧನಕ್ಕೆ ಸೇಮಗೆ ಮುಟ್ಟು ಅನ್ನುತ್ತೇವೆ. ಮೈಸೂರಿನ ನಮ್ಮ ಅತ್ತಿಗೆ ಮದುವೆಯಾಗಿ ಬಂದ ಹೊಸದರಲ್ಲಿ, ಅಮ್ಮ ನೆಂಟರ ಎದುರೇ "ಮುಟ್ಟು ಎಲ್ಲುಂಟು, ಅಟ್ಟದಿಂದ ಇಳಿಸಿ ತೊಳೀರಿ" ಅಂತ ಕೂಗಿದಾಗ ಬೆವತು ಹೋಗಿದ್ದರಂತೆ. ಸಲಕರಣೆಗೆ ಮುಟ್ಟು ಅನ್ನುವುದು ಹಳೆಯ ಮಾತು, ನಮ್ಮ ಅಡುಗೆಮನೆಗಳಲ್ಲಿ ಇನ್ನೂ ಬದುಕಿದೆ ಅಷ್ಟೆ.

ನಮ್ಮಲ್ಲಿರುವುದು ಅಜ್ಜನ ಕಾಲದ್ದು. ಹಲಸಿನ ಮರದ ಚೌಕಟ್ಟು, ನಡುವೆ ಕೊಳವೆ, ಅದರ ಅಡಿಗೆ ತೂತಿನ ಹಿತ್ತಾಳೆ ಬಿಲ್ಲೆ, ಮೇಲೆ ಒಂದು ಉದ್ದದ ಮರದ ಹಿಡಿ. ಕೊಳವೆಗೆ ಬಿಸಿ ಉಂಡೆ ಹಾಕಿ, ಇಬ್ಬರು ಗಂಡಸರು ಹಿಡಿಯ ತುದಿಗೆ ಮೈಭಾರ ಬಿಟ್ಟರೆ ಕೆಳಗೆ ಬಾಳೆ ಎಲೆಯ ಮೇಲೆ ಸೇಮಗೆ ಇಳಿಯುತ್ತದೆ. ಒಬ್ಬರು ಎಲೆ ತಿರುಗಿಸುತ್ತಾ ಇರಬೇಕು, ಇನ್ನೊಬ್ಬರು ಒಲೆಯಿಂದ ಉಂಡೆ ತಂದು ಕೊಡುತ್ತಾ ಇರಬೇಕು. ಅಂದರೆ ನಾಲ್ಕು ಜನ ಇಲ್ಲದೆ ಸೇಮಗೆ ಇಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಅದು ವರ್ಷಕ್ಕೆ ನಾಲ್ಕು ಸಲ ಆಗುವ ತಿಂಡಿ. ಅಣ್ಣನೋ ಭಾವನೋ ಬಂದರೆ ಉಂಟು, ಇಲ್ಲದಿದ್ದರೆ ದೋಸೆ.

ಎರಡು ವರ್ಷದ ಹಿಂದೆ ನನ್ನ ಬಲ ಭುಜ ಹಿಡಿದುಕೊಂಡಿತು. ಶರ್ಟು ಹಾಕಲಿಕ್ಕೂ ಆಗದ ಸ್ಥಿತಿ. ಡಾಕ್ಟರು ಭಾರ ಎತ್ತುವುದು, ಒತ್ತುವುದು ಎರಡೂ ಬೇಡ ಅಂದರು. ಅವರು ಹೇಳಿದ್ದು ವ್ಯಾಯಾಮದ ವಿಷಯ, ನನ್ನ ತಲೆಗೆ ಹೋದದ್ದು ಸೇಮಗೆಯ ವಿಷಯ.

ಆಮೇಲೆ ನಾನು ಮಾಡಿದ ಮೊದಲ ತಪ್ಪು, ಆನ್‌ಲೈನಿನಲ್ಲಿ 449 ರೂಪಾಯಿಗೆ ಕೈಯಲ್ಲಿ ಹಿಡಿದು ತಿರುಗಿಸುವ ಸ್ಟೀಲಿನದ್ದೊಂದು ತರಿಸಿದ್ದು. ಚಿತ್ರದಲ್ಲಿ ಒಬ್ಬ ಹೆಂಗಸು ನಗುತ್ತಾ ಎರಡು ಬೆರಳಲ್ಲಿ ತಿರುಗಿಸುತ್ತಿದ್ದಳು. ನಮ್ಮಲ್ಲಿ ಎರಡನೇ ಉಂಡೆಗೆ ನನ್ನ ಹೆಂಡತಿಯ ಮುಖ ಕೆಂಪಾಯಿತು, ಮೂರನೇ ಉಂಡೆಗೆ ಹಿಡಿಯ ತಿರುಪು ಸವೆದು ಕಿತ್ತುಕೊಂಡು ಬಂತು. ವಾಪಸು ಕಳಿಸುವ ಅಂತ ನೋಡಿದರೆ, ಹಿಟ್ಟು ಮೆತ್ತಿದ್ದನ್ನು ಯಾರು ತಗೊಳ್ತಾರೆ? ಅದು ಈಗ ಮಗಳ ಪೆನ್ ಸ್ಟ್ಯಾಂಡ್.

ನ್ಯಾಯವಾಗಿ ನೋಡಿದರೆ ಆ ಸಾಧನದ್ದು ತಪ್ಪಲ್ಲ. ಅದು ಇಡಿಯಪ್ಪಕ್ಕೆ ಮಾಡಿದ್ದು. ನೋಡಲಿಕ್ಕೆ ಎರಡೂ ಒಂದೇ ಥರ ಇದ್ದರೂ ಕೆಲಸ ಪೂರಾ ತಿರುವುಮುರುವು. ಮಲಯಾಳಿಗಳು ಅಕ್ಕಿ ಹುಡಿಗೆ ಬಿಸಿನೀರು ಹಾಕಿ ಮೆತ್ತಗೆ ಕಲಸಿ, ಮೊದಲು ಒತ್ತಿ, ಆಮೇಲೆ ಬೇಯಿಸುತ್ತಾರೆ. ಮೆತ್ತಗಿನ ಹಿಟ್ಟು, ಸಲೀಸಾಗಿ ಇಳಿಯುತ್ತದೆ. ನಾವು ಬೆಳ್ತಿಗೆ (ಬಿಳಿ) ಅಕ್ಕಿಯನ್ನು ನಾಲ್ಕೈದು ಗಂಟೆ ನೆನೆಸಿ, ಒಂದು ಹಿಡಿ ಕಾಯಿತುರಿ, ಉಪ್ಪು ಸೇರಿಸಿ ನುಣ್ಣಗೆ ಕಡೆದು, ಬಾಣಲೆಯಲ್ಲಿ ಗೊಟಾಯಿಸಿ ಮುದ್ದೆ ಮಾಡಿ, ಉಂಡೆ ಕಟ್ಟಿ, ಅಟ್ಟಿನಳಗೆಯಲ್ಲಿ, ಅಂದರೆ ಹಬೆ ಪಾತ್ರೆಯಲ್ಲಿ, ಅರ್ಧ ಗಂಟೆ ಬೇಯಿಸಿ, ಆಮೇಲೆ ಒತ್ತುತ್ತೇವೆ. ಬೆಂದ ಉಂಡೆ ರಬ್ಬರಿನ ಹಾಗೆ ಇರುತ್ತದೆ. ಅದೂ ಬಿಸಿ ಇದ್ದಾಗ. ತಣಿಯಿತೋ, ರಾತ್ರಿಯ ಅನ್ನ ಬೆಳಿಗ್ಗೆ ಗಟ್ಟಿಯಾಗುತ್ತದಲ್ಲ, ಅದೇ ಗತಿ, ಆನೆ ತಂದು ಒತ್ತಿಸಿದರೂ ಇಳಿಯುವುದಿಲ್ಲ.

ಕಾಸರಗೋಡು ಹಳೆ ಬಸ್‌ಸ್ಟ್ಯಾಂಡಿನ ಹತ್ತಿರದ ಪಾತ್ರೆ ಅಂಗಡಿಗೆ ಹೋದಾಗ ಇದೆಲ್ಲ ವಿವರಿಸಬೇಕಾಗಬಹುದು ಅಂತ ಮನಸ್ಸಿನಲ್ಲೇ ಮಲಯಾಳ ವಾಕ್ಯ ಜೋಡಿಸಿಕೊಂಡು ಹೋಗಿದ್ದೆ. ಅಂಗಡಿಯವರು ಒಬ್ಬ ಗಿರಾಕಿಯ ಹತ್ತಿರ ಮಲಯಾಳ ಮಾತಾಡುತ್ತಾ, ಕೆಲಸದ ಹುಡುಗನಿಗೆ ತುಳುವಿನಲ್ಲಿ ಬೈಯುತ್ತಾ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಬೇಯಿಸಿ ಒತ್ತುವುದಾ, ಒತ್ತಿ ಬೇಯಿಸುವುದಾ?"

ಈ ಪ್ರಶ್ನೆ ಕೇಳುವ ಅಂಗಡಿ ಸಿಕ್ಕಿದರೆ ಅಲ್ಲೇ ತಗೊಳ್ಳಿ. ಆನ್‌ಲೈನಿನಲ್ಲಿ ಇದನ್ನು ಯಾರೂ ಕೇಳುವುದಿಲ್ಲ.

ಬೇಯಿಸಿ ಒತ್ತುವುದು ಅಂದೆ. ಮೇಲಿನ ಅಟ್ಟಳಿಗೆಯಿಂದ ಈ ಮೂರು ಕಾಲಿನದ್ದನ್ನು ಇಳಿಸಿದರು. ದಪ್ಪ ಸ್ಟೀಲಿನ ಕೊಳವೆ, ಮೂರು ಕಾಲು, ಮೇಲೊಂದು ಅಡ್ಡಪಟ್ಟಿ, ಅದರ ನಡುವೆ ಬೆರಳು ಗಾತ್ರದ ತಿರುಪಿನ ದಂಡ, ದಂಡದ ತಲೆಯಲ್ಲಿ ಎರಡೂ ಕೈಯಲ್ಲಿ ಹಿಡಿಯುವ ಹಾಗೆ ಅಡ್ಡ ಹಿಡಿ. ಜೊತೆಗೆ ಆರು ಬಿಲ್ಲೆ: ಸೇಮಗೆಗೆ ಎರಡು, ಚಕ್ಕುಲಿಯ ನಕ್ಷತ್ರ ಒಂದು, ಖಾರದ ಕಡ್ಡಿಗೆ ಒಂದು, ರಿಬ್ಬನ್ ಪಕೋಡದ ಉದ್ದ ಸೀಳಿನದ್ದು ಒಂದು, ಇನ್ನೊಂದು ಯಾವುದಕ್ಕೆ ಅಂತ ಇವತ್ತಿಗೂ ನಮ್ಮ ಮನೆಯಲ್ಲಿ ಜಗಳ ಉಂಟು. ಒಟ್ಟು ತೂಕ ನಾಲ್ಕು ಕಿಲೋ ಹತ್ತಿರ. ಹೇಳಿದ್ದು 2,650, ಕೊಟ್ಟದ್ದು 2,400.

ಪೆಟ್ಟಿಗೆಯ ಮೇಲೆ ತಮಿಳು, ಇಂಗ್ಲಿಷು, ಮಲಯಾಳ. ಕನ್ನಡ ಇಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಎಲ್ಲದರ ಮೇಲೂ ಕನ್ನಡ ಹುಡುಕಿ ಹುಡುಕಿ ಕಣ್ಣಿಗೆ ಅಭ್ಯಾಸ ಆಗಿಬಿಟ್ಟಿದೆ, ಪಾತ್ರೆಯ ಪೆಟ್ಟಿಗೆಯನ್ನೂ ಬಿಡುವುದಿಲ್ಲ. ಮಗಳು ಶಾಲೆಯಲ್ಲಿ ಕಲಿತ ಮಲಯಾಳದಲ್ಲಿ ಓದಿ ಹೇಳಿದಳು. "ಬಳಸುವ ಮೊದಲು ತೊಳೆಯಿರಿ." ಇಷ್ಟೇ ಇತ್ತಂತೆ.

ಆದರೆ ಆ ಒಂದು ಮಾತನ್ನು ನಿಜವಾಗಿ ಪಾಲಿಸಿ. ತಿರುಪಿನ ದಂಡಕ್ಕೆ ಕಪ್ಪು ಗ್ರೀಸ್ ಹಚ್ಚಿ ಕಳಿಸಿರುತ್ತಾರೆ. ಬರೀ ಮೇಲ್ಮೇಲೆ ತೊಳೆದರೆ ಹೋಗುವುದಿಲ್ಲ. ಮೊದಲ ದಿನ ನಾವು ಸೋಪು ಹಾಕಿ ತೊಳೆದು ಸುಮ್ನೆ ಶುರು ಮಾಡಿದೆವು, ನಾಲ್ಕನೇ ಉಂಡೆಗೆ ಬೆಳ್ಳಗಿನ ಸೇಮಗೆಯ ಮೇಲೆ ಕಪ್ಪು ಚುಕ್ಕೆ. ಅಷ್ಟೂ ದನಕ್ಕೆ ಹೋಯಿತು. ಆಮೇಲೆ ಬಟ್ಟೆಗೆ ತೆಂಗಿನೆಣ್ಣೆ ಮಾಡಿಕೊಂಡು ತಿರುಪಿನ ಒಂದೊಂದು ಸುತ್ತಿನ ಒಳಗೂ ಒರೆಸಿ, ಬಿಸಿನೀರಿಗೆ ಹುಣಸೆಹುಳಿ ಹಾಕಿ ಉಜ್ಜಿ, ಒಣಗಿಸಿ, ಮತ್ತೆ ತೆಂಗಿನೆಣ್ಣೆ ಹಚ್ಚಿದೆವು. ಅಲ್ಲಿಂದ ಈಚೆಗೆ ತೊಂದರೆ ಇಲ್ಲ. ಗ್ರೀಸಿನ ಬದಲು ತೆಂಗಿನೆಣ್ಣೆಯೇ ಸಾಕು.

ಮೊದಲ ವಾರ ಅದ್ಭುತ. ಒಂದು ಬುಧವಾರ, ಯಾವ ಹಬ್ಬವೂ ಇಲ್ಲ, ಯಾವ ನೆಂಟರೂ ಇಲ್ಲ, ಬೆಳಿಗ್ಗೆ ಏಳೂವರೆಗೆ ನಮ್ಮ ಮನೆಯಲ್ಲಿ ಸೇಮಗೆ! ಅರ್ಧ ಕಿಲೋ ಅಕ್ಕಿ, ಹನ್ನೆರಡು ಉಂಡೆ. ಹನ್ನೊಂದು ವರ್ಷದ ಮಗಳೇ ತಿರುಗಿಸಿದಳು. ತಿರುಪಿನ ಗುಣವೇ ಅದು ಅಲ್ವಾ, ಕಾರಿನ ಜ್ಯಾಕಿನ ಹಾಗೆ. ನಿಧಾನ ತಿರುಗಿಸಿದರೆ ಸಣ್ಣ ಕೈಗೂ ದೊಡ್ಡ ಭಾರ ಬಗ್ಗುತ್ತದೆ. ನಾನು ಒಂದು ಕೈಯಲ್ಲಿ ಕಾಲು ಅಲ್ಲಾಡದ ಹಾಗೆ ಹಿಡಿದು ಕೂತದ್ದು ಬಿಟ್ಟರೆ ಏನೂ ಮಾಡಲಿಲ್ಲ. ಅಮ್ಮನಿಗೆ ಮಾತ್ರ ಏನೋ ಸರಿ ಕಾಣಲಿಲ್ಲ. "ಬುಧವಾರ ಸೇಮಗೆಯಾ?" ಅಂತ ಎರಡು ಸಲ ಕೇಳಿದರು. ತಿಂದದ್ದು ಎಲ್ಲರಿಗಿಂತ ಜಾಸ್ತಿ ಅವರೇ.

ನಿಜವಾದ ಪರೀಕ್ಷೆ ನಡೆದದ್ದು 2025ರ ಬಿಸುವಿಗೆ, ಅಂದರೆ ನಮ್ಮ ಸೌರ ಯುಗಾದಿಗೆ.

ಆ ವರ್ಷ ನೆಂಟರು ಜಾಸ್ತಿ. ಮಧೂರಿನ ಗಣಪತಿ ದೇವಸ್ಥಾನದಲ್ಲಿ 1992ರ ನಂತರ ಮತ್ತೆ ಮೂಡಪ್ಪ ಸೇವೆ (ಗಣಪತಿಯನ್ನು ಅಪ್ಪದಿಂದ ಮುಚ್ಚುವ ಸೇವೆ) ನಡೆದದ್ದು ಆ ಏಪ್ರಿಲಿನ ಮೊದಲ ವಾರ. ಅದಕ್ಕೆ ಅಂತ ಬಂದ ದೊಡ್ಡಮ್ಮ, ಬಿಸು ಮುಗಿಸಿಯೇ ಹೋಗುತ್ತೇನೆ ಅಂತ ಕೂತಿದ್ದರು. ಬಿಸು ಬಂದದ್ದು 14, ಸೋಮವಾರ. ಹಿಂದಿನ ದಿನ ಭಾನುವಾರ. ಬೆಂಗಳೂರಿನ ತಂಗಿಯ ಮನೆಯವರು ಕಣ್ಣೂರು ಎಕ್ಸ್‌ಪ್ರೆಸ್ಸಿನಲ್ಲಿ ಇಳಿದರು, ಮೈಸೂರಿನ ಅಣ್ಣ ಕಾರಿನಲ್ಲಿ, ಪುತ್ತೂರಿನ ಚಿಕ್ಕಮ್ಮನ ಮನೆಯಿಂದ ಐದು ಜನ. ರಾತ್ರಿ ಮಲಗುವಾಗ ಲೆಕ್ಕ ಹಾಕಿದರೆ 21 ಜನ. ಚಾಪೆ ಸಾಲದೆ ಅಡಿಕೆ ಒಣಗಿಸುವ ಟಾರ್ಪಾಲ್ ಹಾಸಿದೆವು.

ಬೆಳಿಗ್ಗೆ ಕತ್ತಲಲ್ಲೇ ಕಣಿ, ಎದ್ದ ಕೂಡಲೇ ನೋಡಲಿಕ್ಕೆ ಜೋಡಿಸಿಟ್ಟ ಮಂಗಳ ವಸ್ತುಗಳು. ಕನ್ನಡಿ, ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಮಾವು, ಗೇರುಹಣ್ಣು, ಅಮ್ಮನ ಬಳೆ, ಪಕ್ಕದ ಮನೆ ಚೇಚಿ (ಮಲಯಾಳದಲ್ಲಿ ಅಕ್ಕ) ಕೊಟ್ಟು ಕಳಿಸಿದ ಹಳದಿ ಕೊನ್ನೆ ಹೂವಿನ ಗೊಂಚಲು. ಮಕ್ಕಳನ್ನು ಕಣ್ಣು ಮುಚ್ಚಿಸಿ ಕರೆದುಕೊಂಡು ಬಂದು ಕಣಿ ತೋರಿಸಿ, ಹಿರಿಯರಿಗೆ ನಮಸ್ಕಾರ ಮಾಡಿಸಿ, ಐದೂವರೆಗೆ ನಾವು ಮುಟ್ಟಿನ ಮುಂದೆ. ಎರಡೂವರೆ ಕಿಲೋ ಅಕ್ಕಿ ಕಡೆದಿತ್ತು. ಜೊತೆಗೆ ಕಾಟು ಮಾವಿನಹಣ್ಣಿನ ರಸಾಯನ. ಆ ಹುಳಿಸಿಹಿ ರಸಕ್ಕೆ ಬೆಲ್ಲ, ಕಾಯಿಹಾಲು ಸೇರಿಸಿ, ಮೇಲೆ ಹುರಿದ ಎಳ್ಳು ಉದುರಿಸಿದರೆ, ಸೇಮಗೆ ಬರೀ ನೆಪ.

ಈಗ ಲೆಕ್ಕ ಕೇಳಿ. ಉಂಡೆ ಅರುವತ್ತು. ಕೊಳವೆಗೆ ಒಂದು ಸಲಕ್ಕೆ ಹಿಡಿಸುವುದು ಎರಡು. ಹಾಗಾದರೆ ಮೂವತ್ತು ಸಲ ತುಂಬಬೇಕು. ಒಂದು ಸಲ ಪೂರ್ತಿ ಇಳಿಸಲಿಕ್ಕೆ ಹಿಡಿಯನ್ನು 23 ಸುತ್ತು ತಿರುಗಿಸಬೇಕು, ಇದನ್ನು ಎಣಿಸಿದ್ದು ತಂಗಿಯ ಮಗ. ಅಂಗಡಿಯಲ್ಲಿ ಹೊಳೆಯದ ವಿಷಯ ಯಾವುದು ಗೊತ್ತಾ? ಇಳಿಸಿದ್ದನ್ನು ಮೇಲೆ ತರಲಿಕ್ಕೂ ಅಷ್ಟೇ ಸುತ್ತು! ಮರದ ಮುಟ್ಟಿನಲ್ಲಿ ಹಿಡಿಯನ್ನು ಸರಕ್ಕನೆ ಎತ್ತಿದರಾಯಿತು. ಇಲ್ಲಿ ತಿರುಗಿಸಿದ್ದನ್ನು ವಾಪಸು ತಿರುಗಿಸಬೇಕು. 46 ಸುತ್ತು, ಮೂವತ್ತು ಸಲ, 1,380 ಸುತ್ತು. ನಾಲ್ಕು ಜನಕ್ಕೆ ಮಾಡುವಾಗ ಇದು ಗೊತ್ತೇ ಆಗುವುದಿಲ್ಲ. 21 ಜನಕ್ಕೆ ಮಾಡುವಾಗ ಇದು ಬಿಟ್ಟು ಬೇರೆ ಏನೂ ಗೊತ್ತಾಗುವುದಿಲ್ಲ.

ಮೊದಮೊದಲು ಮಕ್ಕಳಿಗೆ ಆಟ. ನಾನು ನಾನು ಅಂತ ಸಾಲು ನಿಂತವರು ಹತ್ತನೇ ಸಲಕ್ಕೆ ಅಂಗಳಕ್ಕೆ ಓಡಿದರು. ಚಿಕ್ಕಮ್ಮ ತಿರುಗಿಸಿದರು, ಅತ್ತಿಗೆ ತಿರುಗಿಸಿದರು. ಭಾವ ಜಾಸ್ತಿ ಬಲ ಹಾಕಿ ಗಿರ್ರನೆ ತಿರುಗಿಸಲಿಕ್ಕೆ ಹೋದರೆ ಮುಟ್ಟೇ ತಿರುಗಲಿಕ್ಕೆ ಶುರು ಮಾಡಿತು, ಯಾಕಂದರೆ ಮೂರು ಕಾಲಿನ ಅಡಿಯಲ್ಲಿ ರಬ್ಬರ್ ಇಲ್ಲ, ನುಣುಪಾದ ನೆಲ. ಕೊನೆಗೆ ಇಬ್ಬರು ಕಾಲು ಹಿಡಿಯಲಿಕ್ಕೆ, ಒಬ್ಬ ತಿರುಗಿಸಲಿಕ್ಕೆ, ಒಬ್ಬರು ಎಲೆ ಹಿಡಿಯಲಿಕ್ಕೆ. ಎಣಿಸಿ ನೋಡಿ, ಮತ್ತೆ ಅದೇ ನಾಲ್ಕು ಜನ.

ದೊಡ್ಡಮ್ಮನಿಗೆ ವರ್ಷ 74. ಬಾಗಿಲ ಹತ್ತಿರ ಸ್ಟೂಲಿನಲ್ಲಿ ಕೂತು ಎಲ್ಲ ನೋಡುತ್ತಿದ್ದರು. ಏಳೂವರೆಯ ತನಕ ಸುಮ್ಮನಿದ್ದರು. ಆಮೇಲೆ "ಬೆಶಿ ಇಪ್ಪಗಳೇ ಒತ್ತೆಕ್ಕು ಮಾರಾಯ, ನಿಂಗೊ ಎಂತ ಗಡಿಯಾರಕ್ಕೆ ಕೀ ಕೊಡುದಾ?" ಅಂದರು. ಬಿಸಿ ಇರುವಾಗಲೇ ಒತ್ತಬೇಕು, ನೀವೇನು ಗಡಿಯಾರಕ್ಕೆ ಕೀ ಕೊಡುವುದಾ ಅಂತ. ಅಡುಗೆಮನೆಯಲ್ಲಿ ಇದ್ದವರೆಲ್ಲ ನಕ್ಕು ನಕ್ಕು, ಕಾಲು ಹಿಡಿದವರು ಕೈ ಬಿಟ್ಟು, ಮುಟ್ಟು ಒಂದು ಕಡೆ ವಾಲಿ, ಎಲೆಯಲ್ಲಿದ್ದ ಸೇಮಗೆ ನೆಲಕ್ಕೆ.

ಅವರು ಹೇಳಿದ್ದು ಸರಿಯೇ ಇತ್ತು. ಸರದಿ ಕಾಯುವ ಉಂಡೆಗಳು ತಟ್ಟೆಯಲ್ಲಿ ತಣಿಯುತ್ತಿದ್ದವು. ಇಪ್ಪತ್ತೊಂದನೇ ಸಲ ತುಂಬುವಾಗ ಹಿಡಿ ತಿರುಗಲೇ ಇಲ್ಲ. ಭಾವ ಏನೂ ಮಾತಾಡದೆ ಏಣಿ ಇಟ್ಟು ಅಟ್ಟಕ್ಕೆ ಹತ್ತಿ ಅಜ್ಜನ ಮುಟ್ಟನ್ನು ಇಳಿಸಿದರು. ಜೇಡರ ಬಲೆ ತೆಗೆದು, ಕೊಳವೆಯನ್ನು ಬಿಸಿನೀರಲ್ಲಿ ತೊಳೆದು, ಉಂಡೆಗಳನ್ನು ಮತ್ತೆ ಅಟ್ಟಿನಳಗೆಗೆ ಹಾಕಿ ಕಾಯಿಸಿ, ಭಾವ ಮತ್ತು ಅಣ್ಣ ಸೇರಿ ಉಳಿದ ಇಪ್ಪತ್ತು ಉಂಡೆಯನ್ನು ಹದಿನೈದೇ ನಿಮಿಷದಲ್ಲಿ ಒತ್ತಿ ಮುಗಿಸಿದರು. ನಾವು ಮೊದಲ ನಲುವತ್ತಕ್ಕೆ ಎರಡು ಗಂಟೆ ತಗೊಂಡಿದ್ದೆವು. ಎಲೆ ಹಾಕುವಾಗ ಒಂಬತ್ತು ಗಂಟೆ. ಹಸಿದ ಮಕ್ಕಳು ಅಷ್ಟರೊಳಗೆ ಕಣಿಗೆ ಇಟ್ಟ ಹಣ್ಣು ಖಾಲಿ ಮಾಡಿದ್ದರು.

ಅವತ್ತು ನನಗೆ ಸ್ವಲ್ಪ ಅವಮಾನವೇ ಆಯಿತು. 2,400 ಕೊಟ್ಟವನು ನಾನು. ಆದರೆ ಒಂದು ಮಾತು ಹೇಳಬೇಕು. ಎರಡು ಮುಟ್ಟಿನ ಸೇಮಗೆಯನ್ನು ಪಕ್ಕಪಕ್ಕ ಬಡಿಸಿದಾಗ ತಿರುಪಿನದ್ದೇ ಚಂದ ಇತ್ತು. ಎಳೆ ಒಂದೇ ಸಮ, ಎಲ್ಲೂ ತುಂಡಾಗಿಲ್ಲ. ಮರದ್ದರಲ್ಲಿ ಬಲ ಒಮ್ಮೆ ಜಾಸ್ತಿ ಒಮ್ಮೆ ಕಮ್ಮಿ ಆಗುತ್ತದೆ, ಎಳೆ ತುಂಡು ತುಂಡು. ದೊಡ್ಡಮ್ಮ ಒಪ್ಪಲಿಲ್ಲ. ತುಂಡಾದರೆ ರಸಾಯನ ಚೆನ್ನಾಗಿ ಹಿಡಿಯುತ್ತದೆ ಅಂತ ಅವರ ವಾದ. ನನ್ನ ಮಗಳು ಅವರ ಪಕ್ಷ.

ಓಣಂ ಸಮಯದ ಅನುಭವ ಬೇರೆ. ಇಲ್ಲಿನ ಶಾಲೆಗಳಿಗೆ ಓಣಂ ಅಂದರೆ ದೊಡ್ಡ ರಜೆ. ನಾವು ಕನ್ನಡದವರು ಹಬ್ಬ ಅಂತ ದೊಡ್ಡದಾಗಿ ಮಾಡದಿದ್ದರೂ ಮಕ್ಕಳು ಮನೆಯಲ್ಲೇ ಇರುತ್ತಾರೆ, ಅಂಗಳದಲ್ಲಿ ಪೂಕಳಂ (ಹೂವಿನ ರಂಗೋಲಿ) ಹಾಕುತ್ತಾರೆ, ತಿರುವೋಣಂ ದಿನ ಪಕ್ಕದ ಚೇಚಿಯ ಮನೆಯಿಂದ ಪಾಯಸ ಬರುತ್ತದೆ. ಖಾಲಿ ಪಾತ್ರೆ ವಾಪಸು ಕೊಡುವ ಕ್ರಮ ಇಲ್ಲ ಅಲ್ವಾ, ಸೇಮಗೆ ಹಾಕಿ ಕಳಿಸಿದೆವು. ಚೇಚಿ ಅದನ್ನು ನೋಡಿ ಈ ನೂಲ್‌ಪುಟ್ಟು (ಇಡಿಯಪ್ಪ) ಇಷ್ಟು ಗಟ್ಟಿ ಹೇಗಾಯಿತು ಅಂತ ವಿಚಾರಿಸಲಿಕ್ಕೆ ಬಂದವರು, ಮುಟ್ಟು ನೋಡಿ ಮಾರನೇ ದಿನ ತಮ್ಮ ಹಿಟ್ಟು ಕಲಸಿಕೊಂಡೇ ಬಂದರು. ನಮ್ಮ ಇಡ್ಲಿ ತಟ್ಟೆಗೆ ಎಣ್ಣೆ ಸವರಿ ಹಿಡಿದರೆ, ಅವರ ಮೆತ್ತಗಿನ ಹಿಟ್ಟು ಒಂದು ಬೆರಳಿನ ಬಲಕ್ಕೆ ಬೆಣ್ಣೆಯ ಹಾಗೆ ಇಳಿಯಿತು. ಇದಕ್ಕೆ ಸಣ್ಣ ತೂತಿನ ಬಿಲ್ಲೆಯೇ ಸರಿ. ಅಂದರೆ ಬೇಯಿಸಿ ಒತ್ತುವ ಮುಟ್ಟಿನಲ್ಲಿ ಒತ್ತಿ ಬೇಯಿಸುವುದೂ ಆಗುತ್ತದೆ, ತಿರುಗಾಮುರುಗಾ ಆಗುವುದಿಲ್ಲ. ಅವತ್ತು ಅವರ ಕಡಲೆ ಕರಿಗೆ ನಮ್ಮ ಸೇಮಗೆ ಹಾಕಿಕೊಂಡು ತಿಂದ ಮಗಳು ಈಗ ರಸಾಯನ ಬೇಡ, ಕಡಲೆಯೇ ಬೇಕು ಅನ್ನುತ್ತಾಳೆ. ಅಮ್ಮನಿಗೆ ಇದನ್ನು ಇನ್ನೂ ಸರಿಯಾಗಿ ಹೇಳಿಲ್ಲ.

ದೀಪಾವಳಿಗೆ ಮುಟ್ಟು ಮುರಿಯಿತು.

ಗಡಿಯ ಈಚೆ ಇರುವವರ ದೀಪಾವಳಿಯ ಕಷ್ಟ ಆಚೆಯವರಿಗೆ ಹೇಳಿದರೂ ಅರ್ಥ ಆಗುವುದಿಲ್ಲ. ಕೇರಳದಲ್ಲಿ ಒಂದೇ ದಿನ ರಜೆ. 2025ರಲ್ಲಿ ಅಕ್ಟೋಬರ್ 20, ಸೋಮವಾರ. ಕರ್ನಾಟಕದಲ್ಲಿ 20ಕ್ಕೂ ರಜೆ, ಬಲಿಪಾಡ್ಯಕ್ಕೆ ಅಂತ 22ಕ್ಕೂ ರಜೆ. ಹಾಗಾಗಿ ಅಣ್ಣನ ಮಕ್ಕಳು ಇಲ್ಲಿ ಬಂದು ಪಟಾಕಿ ಹೊಡೆಯುತ್ತಾ ಇರುವಾಗ ನನ್ನ ಮಗಳು ಬ್ಯಾಗು ಹಾಕಿಕೊಂಡು ಬಸ್ಸಿಗೆ ನಿಲ್ಲಬೇಕು. ಬಲಿಪಾಡ್ಯದ ಬೆಳಿಗ್ಗೆ ಅವಳು ಹೊರಡುವ ಮೊದಲೇ ಎಲ್ಲರೂ ಒಟ್ಟಿಗೆ ತಿನ್ನುವ ಅಂತ ಅವಸರದಲ್ಲಿ ಸೇಮಗೆಗೆ ಇಳಿದೆವು. ಒಂಬತ್ತು ಜನ, ಒಂದು ಕಿಲೋ ಅಕ್ಕಿ. ಅವಸರದಲ್ಲಿ ಯಾರೋ ಸಣ್ಣ ತೂತಿನ ಬಿಲ್ಲೆ ಹಾಕಿಬಿಟ್ಟರು. ಬೆಂದ ಉಂಡೆ ಅದರಲ್ಲಿ ಇಳಿಯುವುದಿಲ್ಲ. ಮಗಳು ಯೂನಿಫಾರ್ಮಿನಲ್ಲೇ ನಿಂತು ತಿರುಗಿಸಿದಳು, ಆಗಲಿಲ್ಲ, ಅಣ್ಣ ಬಂದು ಉಸಿರು ಬಿಗಿ ಹಿಡಿದು ತಿರುಗಿಸಿದ. ಟಕ್ ಅಂತ ಶಬ್ದ. ಒಂದು ಕಾಲು ವೆಲ್ಡಿಂಗಿನಿಂದ ಬಿಟ್ಟು ಬಂತು. ಮಗಳು ಅವಲಕ್ಕಿ ತಿಂದು ಹೋದಳು.

ತಪ್ಪು ನಮ್ಮದೂ ಉಂಟು. ಆದರೆ ವೆಲ್ಡಿಂಗ್ ನೋಡಿದರೆ ಕಾಲಿನ ಒಂದು ಬದಿಗೆ ಮಾತ್ರ ಚುಕ್ಕೆ ಇಟ್ಟ ಹಾಗೆ ಹಾಕಿದ್ದರು. ಅಂಗಡಿಗೆ ಒಯ್ದೆ. ಒಂದು ವರ್ಷದ ಗ್ಯಾರಂಟಿ ಅಂದಿದ್ದರಲ್ಲ ಅಂದರೆ, ಅದು ತಿರುಪಿಗೆ ಮಾತ್ರ, ಕಾಲಿಗೆ ಅಲ್ಲ ಅಂದರು. ಕಾಲಿಲ್ಲದೆ ತಿರುಪು ಇಟ್ಟುಕೊಂಡು ಏನು ಮಾಡುವುದು ಅಂತ ಕೇಳಿದೆ. ಅವರಿಗೂ ನಗು ಬಂತು, ಆದರೆ ದುಡ್ಡಿನ ಮಾತು ಬರಲಿಲ್ಲ. ಕೊನೆಗೆ ನಮ್ಮ ಊರಿನಲ್ಲಿ ಕಿಟಕಿ ಗ್ರಿಲ್ ಮಾಡುವವರ ಹತ್ತಿರ ಮೂರೂ ಕಾಲಿಗೆ ಸುತ್ತ ವೆಲ್ಡಿಂಗ್ ಹಾಕಿಸಿದೆ. 100 ರೂಪಾಯಿ. ನೀವು ತಗೊಳ್ಳುವುದಿದ್ದರೆ ಮೊದಲ ದಿನವೇ ಇದನ್ನು ಮಾಡಿಸಿಬಿಡಿ. ಹಾಗೆಯೇ ಕಾಲಿನ ಅಡಿಗೆ ಹಳೆ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿ ಕಟ್ಟಿ. ಅಷ್ಟು ಮಾಡಿದ ಮೇಲೆ ಕಾಲು ಹಿಡಿಯಲಿಕ್ಕೆ ಒಬ್ಬರೂ ಬೇಡ.

ಇನ್ನು ತೊಳೆಯುವುದು. ಒತ್ತಿ ಮುಗಿದ ಕೂಡಲೇ ಬಿಲ್ಲೆಯನ್ನು ನೀರಿಗೆ ಹಾಕಬೇಕು. ತಿಂದು, ಕಾಫಿ ಕುಡಿದು, ನೆಂಟರ ಹತ್ತಿರ ಮಾತಾಡಿ ಆಮೇಲೆ ನೋಡುವ ಅಂತ ಬಿಟ್ಟರೆ ಒಂದೊಂದು ತೂತಿನಲ್ಲೂ ಹಿಟ್ಟು ಕಲ್ಲಾಗುತ್ತದೆ. ತೆಂಗಿನ ಗರಿಯ ಹಸಿ ಕಡ್ಡಿಯಿಂದ ಚುಚ್ಚಿ ತೆಗೆಯಬೇಕು, ಸೂಜಿ ಹಾಕಿದರೆ ತೂತಿನ ಅಂಚು ಕೆಡುತ್ತದೆ. ಕೊಳವೆ ತೊಳೆಯುವುದು ಸುಲಭ, ಬಾಯಿ ಅಗಲ ಉಂಟು, ಕೈ ಒಳಗೆ ಹೋಗುತ್ತದೆ. ಚಕ್ಕುಲಿ ಬಿಲ್ಲೆ ಚೆನ್ನಾಗಿದೆ, ಆದರೆ ಇಷ್ಟು ಭಾರದ ಮುಟ್ಟನ್ನು ಎಣ್ಣೆ ಬಾಣಲೆಯ ಹತ್ತಿರ ಇಟ್ಟುಕೊಳ್ಳುವ ಧೈರ್ಯ ನನಗಿಲ್ಲ, ಬಾಳೆ ಎಲೆಗೆ ಒತ್ತಿ ಆಮೇಲೆ ಎಣ್ಣೆಗೆ ಬಿಡುವುದು ಒಳ್ಳೆಯದು.

ಉಂಡೆಯ ವಿಷಯದಲ್ಲಿ ಒಂದು ವರ್ಷ ಪೆಟ್ಟು ತಿಂದು ಕಲಿತದ್ದು: ತಟ್ಟೆಗೆ ತೆಗೆಯಲೇಬೇಡಿ. ಸಣ್ಣ ಉರಿಯಲ್ಲಿ ಅಟ್ಟಿನಳಗೆಯ ಒಳಗೇ ಇರಲಿ, ಎರಡೆರಡೇ ತೆಗೆದು ಒತ್ತಿ. ಉಂಡೆಯನ್ನು ಗುಂಡಗೆ ಕಟ್ಟುವ ಬದಲು ಕೊಳವೆಯ ಅಗಲಕ್ಕೆ ಸರಿಯಾಗಿ ಉದ್ದಕ್ಕೆ ಕಟ್ಟಿದರೆ ಎರಡರ ಜಾಗದಲ್ಲಿ ಎರಡೂವರೆ ಹಿಡಿಸುತ್ತದೆ, ಸುತ್ತೂ ಅಷ್ಟು ಕಮ್ಮಿ. ಇದನ್ನು ಕಂಡುಹಿಡಿದದ್ದು ನನ್ನ ಹೆಂಡತಿ, ಬಿಸುವಿನ ದಿನ ಹೊಳೆಯಬಾರದಿತ್ತಾ ಅಂತ ಕೇಳಿ ನಾನು ಬೈಸಿಕೊಂಡಿದ್ದೇನೆ.

ಐದರಲ್ಲಿ ಎಷ್ಟು ಅಂತ ಕೇಳಿದರೆ ಮೂರೂವರೆ ಕೊಡುತ್ತೇನೆ. ಕಾಲಿನ ವೆಲ್ಡಿಂಗಿಗೆ ಒಂದು, ವಾಪಸು ತಿರುಗಿಸುವ ಕಾಟಕ್ಕೆ ಅರ್ಧ ಕಳೆದೆ. ಗ್ರೀಸಿಗೂ ಕಳೆಯಬೇಕಿತ್ತು, ಬಿಟ್ಟಿದ್ದೇನೆ, ಯಾಕಂದರೆ ಈಗ ನಮ್ಮ ಮನೆಯಲ್ಲಿ ತಿಂಗಳಿಗೆ ಎರಡು ಸಲ ಸೇಮಗೆ ಆಗುತ್ತದೆ. ಉಳಿದದ್ದಕ್ಕೆ ಸಂಜೆ ಸಾಸಿವೆ, ಉದ್ದಿನಬೇಳೆ, ಕರಿಬೇವಿನ ಒಗ್ಗರಣೆ. ನನ್ನ ಭುಜ ಮುಕ್ಕಾಲು ಸರಿಯಾಗಿದೆ, ಆದರೂ ಅದನ್ನು ಮನೆಯಲ್ಲಿ ಜೋರಾಗಿ ಹೇಳುವುದಿಲ್ಲ.

ದೊಡ್ಡಮ್ಮ ಮೊನ್ನೆ ಫೋನು ಮಾಡಿದ್ದರು. ಈ ಸಲದ ಬಿಸುವಿಗೆ ಬರುತ್ತಾರಂತೆ. ಅಮ್ಮನ ಹತ್ತಿರ ಅರ್ಧ ಗಂಟೆ ಮಾತಾಡಿ ಫೋನು ಇಡುವ ಮೊದಲು ನನಗೆ ಕೊಡಲಿಕ್ಕೆ ಹೇಳಿ, ಅಟ್ಟದಲ್ಲಿರುವುದಕ್ಕೆ ಗೆದ್ದಲು ಹಿಡಿದಿಲ್ಲ ತಾನೇ, ಹತ್ತಿ ನೋಡಿದ್ದೀಯಾ ಅಂತ ವಿಚಾರಿಸಿದರು. ಭಾನುವಾರ ಏಣಿ ಇಡಬೇಕು.